ಬಲ್ಗೇರಿಯಾದಲ್ಲಿ ಮೊದಲ ಚಳಿಗಾಲವಾ? ಹಬ್ಬದೊಳಗೆ ಹೀಗೆ ಸೇರಿಕೊಳ್ಳಿ

ಕೆಲಸಕ್ಕೋ ಓದಿಗೋ ಅಂತ ಬಲ್ಗೇರಿಯಾಕ್ಕೆ ಬಂದವರು ಮೊದಲ ಡಿಸೆಂಬರಿನಲ್ಲಿ ಸೋಫಿಯಾದ ಬೀದಿ ದೀಪ ನೋಡಿ, ನಾಲ್ಕು ಫೋಟೋ ತೆಗೆದು, ಹಬ್ಬ ಆಯ್ತು ಅಂದುಕೊಳ್ಳುತ್ತಾರೆ. ನಾನೂ ಅದನ್ನೇ ಮಾಡಿದ್ದೆ. ಆದರೆ ಇಲ್ಲಿ ಹಬ್ಬ ಜಾಸ್ತಿ ನಡೆಯುವುದು ಮನೆಯ ಊಟದ ಮೇಜಿನ ಸುತ್ತ. ಹಾಗಾಗಿ ಮೊದಲು ಯಾರದಾದರೂ ಮನೆಗೆ ಹೋಗಬೇಕು.

ಅದಕ್ಕೆ ಡಿಸೆಂಬರ್ 6 ಒಳ್ಳೆಯ ದಿನ. ಅವತ್ತು ನಿಕುಲ್ದೆನ್, ಅಂದರೆ ಸಂತ ನಿಕೋಲಾಸನ ಹಬ್ಬ. ನಿಕೋಲಾಯ್, ನಿಕೋಲಾ, ನಿಕೋಲೆತಾ ಅಂತ ಹೆಸರಿರುವವರಿಗೆಲ್ಲ ಅವತ್ತು ನಾಮದಿನ, ಅಂದರೆ ತಮ್ಮ ಹೆಸರಿನ ಸಂತನ ದಿನ. ಹಳೇ ರೂಢಿಯ ಪ್ರಕಾರ ನಾಮದಿನಕ್ಕೆ ಯಾರನ್ನೂ ಕರೆಯುವುದಿಲ್ಲ, ಬಂದವರೇ ನೆಂಟರು. ಆದರೂ ಒಂದು ಫೋನ್ ಮಾಡಿ ಹೋಗಿ. ಹೂವು ಒಯ್ದರೆ ಮೂರೋ ಐದೋ ಇರಲಿ, ಸಮಸಂಖ್ಯೆಯ ಹೂವು ಸಾವಿನ ಮನೆಗೆ. ಬಾಗಿಲಲ್ಲೇ ಶೂ ಬಿಚ್ಚಿ, ‘ಚೆಸ್ತಿತ್ ಇಮೆನ್ ದೆನ್’ (ನಾಮದಿನದ ಶುಭಾಶಯ) ಅನ್ನಿ. ಅವತ್ತಿನ ಅಡುಗೆ ಕಾರ್ಪ್ ಮೀನು.

ಒಂದು ಎಚ್ಚರಿಕೆ. ಇಲ್ಲಿ ಹೌದು ಅನ್ನಲು ತಲೆಯನ್ನು ಅಕ್ಕಪಕ್ಕ ಆಡಿಸುತ್ತಾರೆ, ಬೇಡ ಅನ್ನಲು ಮೇಲೆ ಎತ್ತುತ್ತಾರೆ. ಇನ್ನೊಂದು ತುಂಡು ಬೇಕಾ ಅಂತ ಕೇಳಿದಾಗ ನಾನು ಖುಷಿಯಿಂದ ತಲೆಯನ್ನು ಮೇಲೆ ಕೆಳಗೆ ಆಡಿಸಿದೆ, ಬೇಡ ಅಂದುಕೊಂಡರು, ತಟ್ಟೆ ಒಳಗೆ ಹೋಯಿತು. ಬಾಯಲ್ಲೇ ‘ದಾ’ (ಹೌದು) ಅನ್ನಿ, ಸಾಕು.

ಆ ಗುರುತು ಗಟ್ಟಿಯಾದರೆ ಡಿಸೆಂಬರ್ 24ರ ರಾತ್ರಿಗೆ ಕರೆ ಬರಬಹುದು. ಅದು ಬದ್ನಿ ವೆಚೆರ್, ಅಂದರೆ ಕ್ರಿಸ್‌ಮಸ್‌ನ ಹಿಂದಿನ ರಾತ್ರಿ, ನನ್ನ ಪ್ರಕಾರ ವರ್ಷದಲ್ಲೇ ಒಳ್ಳೆಯ ರಾತ್ರಿ. 40 ದಿನದ ಉಪವಾಸದ ಕೊನೆಯ ಊಟವಾದ್ದರಿಂದ ಮೇಜಿನ ಮೇಲೆ ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಈ ದೇಶದಲ್ಲಿ ಏನು ತಿನ್ನಲಿ ಅಂತ ಒದ್ದಾಡುವ ಸಸ್ಯಾಹಾರಿಗಳು ಅವತ್ತು ಮಾತ್ರ ಯಾರನ್ನೂ ಏನೂ ಕೇಳಬೇಕಾಗಿಲ್ಲ! ಅಡುಗೆಗಳ ಲೆಕ್ಕ ಏಳು, ಒಂಬತ್ತು, ಹನ್ನೊಂದು, ಹೀಗೆ ಬೆಸದಲ್ಲೇ ಇರಬೇಕು: ಎಲೆಯಲ್ಲಿ ಅನ್ನ ಸುತ್ತಿದ ಸರ್ಮಿ, ಬೀನ್ಸ್ ತುಂಬಿದ ಒಣ ಮೆಣಸಿನಕಾಯಿ, ಸಿಹಿಗುಂಬಳದ ತಿಕ್ವೆನಿಕ್, ಒಣಹಣ್ಣು ಬೇಯಿಸಿದ ಓಶಾವ್, ಜೇನು, ಬೆಳ್ಳುಳ್ಳಿ, ಅಕ್ರೋಟು. ನಡುವೆ ಪಿತ್ಕಾ ಎಂಬ ದುಂಡು ರೊಟ್ಟಿ, ಅದರೊಳಗೆ ಒಂದು ನಾಣ್ಯ. ಮನೆಯ ಹಿರಿಯರು ಅದನ್ನು ಮುರಿದು ಎಲ್ಲರಿಗೂ ಹಂಚುತ್ತಾರೆ, ನಾಣ್ಯ ಸಿಕ್ಕವರಿಗೆ ವರ್ಷವಿಡೀ ಅದೃಷ್ಟ. ಹಲ್ಲು ಜೋಪಾನ. ಅಕ್ರೋಟು ಒಡೆದಾಗ ತಿರುಳು ಚೆನ್ನಾಗಿದ್ದರೆ ವರ್ಷವೂ ಚೆನ್ನಾಗಿರುತ್ತದೆ. ಊಟದ ನಡುವೆ ಸುಮ್ನೆ ಎದ್ದು ಓಡಾಡಬೇಡಿ. ಮುಗಿದ ಮೇಲೆ ಸಹಾಯ ಮಾಡೋಣ ಅಂತ ತಟ್ಟೆ ಎತ್ತಲೂ ಹೋಗಬೇಡಿ, ತೀರಿಕೊಂಡ ಹಿರಿಯರು ರಾತ್ರಿ ಬಂದು ಉಣ್ಣಲಿ ಅಂತ ಎಡೆ ಇಟ್ಟ ಹಾಗೆ ಎಲ್ಲವನ್ನೂ ಬೆಳಗಿನವರೆಗೆ ಬಿಡುತ್ತಾರೆ.

ಹೊಸ ವರ್ಷದ ರಾತ್ರಿ ಬಾನಿತ್ಸಾ ತಿನ್ನಲೇಬೇಕು. ಚೀಸ್ ಹಾಕಿದ ಆ ಪದರ ಪದರದ ತಿಂಡಿಯೊಳಗೆ ಭವಿಷ್ಯ ಬರೆದ ಚೀಟಿಗಳಿರುತ್ತವೆ. ಹನ್ನೆರಡಾದ ಮೇಲೆ ಕೈ ಕೈ ಹಿಡಿದು ಹೊರೊ ಕುಣಿತ. ಹೆಜ್ಜೆ ಬರದಿದ್ದರೆ ಸಾಲಿನ ಕೊನೆಗೆ ನಿಂತುಕೊಳ್ಳಿ, ಮುಂದೆ ನಿಂತವರು ಸಾಲನ್ನು ನಡೆಸಬೇಕಾಗುತ್ತದೆ. ಬೆಳಿಗ್ಗೆ ಮಕ್ಕಳು ಸಿಂಗರಿಸಿದ ಕೋಲು ಹಿಡಿದು ಬಂದು, ಹಾಡು ಹೇಳುತ್ತಾ ನಿಮ್ಮ ಬೆನ್ನಿಗೆ ಮೆಲ್ಲಗೆ ಬಡಿದರೆ ಗಾಬರಿಯಾಗಬೇಡಿ. ಅದು ಆರೋಗ್ಯದ ಹಾರೈಕೆ. ಅವರ ಕೈಗೆ ಕೊಡಲು ಚಿಲ್ಲರೆ ಇಟ್ಟುಕೊಂಡಿರಿ, 2026ರ ಜನವರಿ 1ರಿಂದ ಇಲ್ಲಿ ಯೂರೋ ಬಂದಿದೆ.

ಇನ್ನು ಹೊರಗಿನ ಹಬ್ಬಗಳು. ಜನವರಿ 6ಕ್ಕೆ ಕಾಲೋಫೆರ್ ಪಟ್ಟಣದಲ್ಲಿ ಗಂಡಸರು ತುಂಜಾ ನದಿಯ ಕೊರೆಯುವ ನೀರಿನಲ್ಲಿ ನಿಂತು ಹೊರೊ ಕುಣಿಯುತ್ತಾರೆ. ನೀವು ದಡದಲ್ಲೇ ಇರಿ. ಜನವರಿ ಕೊನೆಗೆ ಪೆರ್ನಿಕ್‌ನಲ್ಲಿ ಸುರ್ವಾ ಉತ್ಸವ, 1966ರಿಂದ ನಡೆಯುತ್ತಿದೆ. ಸೋಫಿಯಾದಿಂದ ಸುಮಾರು 30 ಕಿಲೋಮೀಟರ್, ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬಹುದು. ತುಪ್ಪಳ, ಮುಖವಾಡ ಹಾಕಿ, ಸೊಂಟಕ್ಕೆ ದೊಡ್ಡ ಗಂಟೆ ಕಟ್ಟಿಕೊಂಡ ಕುಕೆರಿಗಳು ಕೆಟ್ಟದ್ದನ್ನು ಓಡಿಸಲು ಕುಣಿಯುತ್ತಾರೆ. ಸದ್ದು ಎಷ್ಟಿರುತ್ತದೆ ಅಂದರೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ದಪ್ಪ ಸೋಲಿನ ಶೂ ಹಾಕಿಕೊಳ್ಳಿ, ಗಂಟೆಗಟ್ಟಲೆ ನಿಂತರೆ ಮೊದಲು ಮರಗಟ್ಟುವುದು ಪಾದ.

ಮಾರ್ಚ್ 1ಕ್ಕೆ ಬಾಬಾ ಮಾರ್ತಾ, ಅಂದರೆ ಮಾರ್ಚ್ ಅಜ್ಜಿ. ಕೆಂಪು ಬಿಳಿ ದಾರದ ಮಾರ್ತೆನಿತ್ಸಾಗಳನ್ನು ನಾಲ್ಕು ದಿನ ಮೊದಲೇ ಒಂದು ಹಿಡಿ ಕೊಂಡಿಡಿ. ಆಫೀಸಿನವರು, ಪಕ್ಕದ ಮನೆಯ ಅಜ್ಜಿ, ದಿನಾ ಕಾಫಿ ಕೊಡುವ ಹುಡುಗಿ, ಎಲ್ಲರಿಗೂ ಕೊಡಿ. ನಿಮ್ಮ ಕೈಗೆ ಅವರೇ ಕಟ್ಟುತ್ತಾರೆ. ಕೊಕ್ಕರೆಯೋ ಹೂಬಿಟ್ಟ ಮರವೋ ಕಣ್ಣಿಗೆ ಬೀಳುವ ತನಕ ಬಿಚ್ಚುವಂತಿಲ್ಲ. ಕಂಡ ದಿನ ಬಿಚ್ಚಿ, ಹೂಬಿಟ್ಟ ಕೊಂಬೆಗೆ ಕಟ್ಟಿಬಿಡಿ.