ನೋವು ನಿಂತ ಹಲ್ಲನ್ನು ನಂಬಬೇಡಿ: ರೂಟ್ ಕೆನಾಲ್ ನಡೆಯುವುದು ಹೀಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ತೋಟದ ಮನೆಗಳಲ್ಲಿ ಹಲ್ಲುನೋವಿಗೆ ಮೊದಲ ಮದ್ದು ಲವಂಗ. ಅದರಲ್ಲಿರುವ ಯೂಜಿನಾಲ್ ನೋವನ್ನು ಸ್ವಲ್ಪ ಹೊತ್ತು ಅಡಗಿಸುವುದು ನಿಜ. ಆದರೆ ಬಿಸಿ ಚಹಾ ತಾಗಿದ ಮೇಲೆ ನೋವು ಬಹಳ ಹೊತ್ತು ಉಳಿದರೆ, ಮಲಗಿದೊಡನೆ ಹಲ್ಲು ಮಿಡಿಯತೊಡಗಿದರೆ, ಹುಳುಕು ನರ, ರಕ್ತನಾಳಗಳಿರುವ ಒಳಗಿನ ತಿರುಳಿಗೆ ಇಳಿದಿರುವ ಸಂಭವ ಹೆಚ್ಚು. ಚಾಲಿ ಅಡಿಕೆಯನ್ನು (ಒಣಗಿಸಿದ ಗಟ್ಟಿ ಅಡಿಕೆ) ಕಟಕ್ಕನೆ ಕಡಿಯುವವರಿಗೆ ಹುಳುಕಿಲ್ಲದೆಯೂ ಹಲ್ಲು ಬಿರುಕು ಬಿಟ್ಟು ಇದೇ ಗತಿಯಾಗಬಹುದು.

ಅಂಥ ನೋವು ಒಂದು ದಿನ ತಾನಾಗಿ ನಿಂತರೆ ಹಿಗ್ಗಬೇಡಿ. ಹಲ್ಲಿನೊಳಗಿನ ನರ ಸತ್ತಿರಬಹುದು; ಸೋಂಕು ಬೇರಿನ ತುದಿ ದಾಟಿ ದವಡೆಯ ಮೂಳೆಗೆ ಸಾಗುತ್ತದೆ. ಆಂಟಿಬಯೋಟಿಕ್ ನುಂಗುತ್ತ ಕುಳಿತರೆ ಆಗದು. ರಕ್ತವೇ ಹರಿಯದ ಸತ್ತ ತಿರುಳಿಗೆ ಮಾತ್ರೆ ತಲುಪುವುದು ಹೇಗೆ? ಮುಖ ಊದಿ ಜ್ವರ ಬಂದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇಂಥ ಹಲ್ಲನ್ನು ಕೀಳದೆ ಉಳಿಸುವ ದಾರಿ ರೂಟ್ ಕೆನಾಲ್: ಕೆಟ್ಟ ತಿರುಳನ್ನು ತೆಗೆದು, ಬೇರಿನೊಳಗಿನ ನಾಳಗಳನ್ನು ತೊಳೆದು ತುಂಬುವುದು. ಮೊದಲು ಎಕ್ಸ್-ರೇ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಗರ್ಭ, ಅಲರ್ಜಿ ಇದ್ದರೆ ಆಗಲೇ ತಿಳಿಸಿ. ಒಪ್ಪಿಗೆ ಪತ್ರ ಮಲಯಾಳದಲ್ಲಿದ್ದು ಓದಲು ಬಾರದಿದ್ದರೆ, ಸಹಿಗೆ ಮೊದಲು ಕನ್ನಡದಲ್ಲಿ ಹೇಳಿಸಿಕೊಳ್ಳಿ. ಸಂಕೋಚವೇಕೆ, ಹಲ್ಲು ನಮ್ಮದು.

ಅನಂತರ ಒಸಡಿಗೆ ಮರಗಟ್ಟಿಸುವ ಚುಚ್ಚುಮದ್ದು. ಜನ ಹೆದರುವುದು ಇದಕ್ಕೇ, ಆದರೆ ಮುಂದಿನ ಕೆಲಸದ ನೋವನ್ನು ಬಹುಮಟ್ಟಿಗೆ ತಡೆಯುವುದೂ ಇದೇ. ಎಂಜಲು ಒಳಗೆ ಇಳಿಯದಂತೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ, ಮೇಲಿನಿಂದ ರಂಧ್ರ ಕೊರೆಯುತ್ತಾರೆ.

ಕಸುಬಿನ ಕೈಚಳಕ ಬೇಕಾಗುವುದು ನಾಳಗಳನ್ನು ಹುಡುಕುವಾಗ. ಮೇಲಿನ ಮುಂಬಲ್ಲಿಗೆ ಸಾಮಾನ್ಯವಾಗಿ ಒಂದೇ ನಾಳ. ಮೇಲ್ದವಡೆಯ ಮೊದಲ ದೊಡ್ಡ ಹಲ್ಲಿಗೆ ಎಷ್ಟೋ ಸಲ 4; ಆ ನಾಲ್ಕನೆಯದು ಕೂದಲೆಳೆಯಂತೆ ಅಡಗಿರುತ್ತದೆ. ಅದು ತಪ್ಪಿಹೋದರೆ ಸೋಂಕು ಮರಳಿ ಬರಬಹುದು. ಸೂಜಿಯಂಥ ಫೈಲ್‌ಗಳಿಂದ ಕೆರೆದು, ರೋಗಾಣು ಕೊಲ್ಲುವ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಿಂದ ಮತ್ತೆ ಮತ್ತೆ ತೊಳೆದು, ಕಾಗದದ ಸಣ್ಣ ಕಡ್ಡಿಗಳಿಂದ ಒಣಗಿಸುತ್ತಾರೆ. ಇದಕ್ಕೆ ಒಂದೇ ಭೇಟಿ ಸಾಕಾಗಬಹುದು, ಎರಡು ಮೂರೂ ಬೇಕಾಗಬಹುದು. ಮಂಗಳೂರಿಗೆ ಹೋಗುವವರು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಬರಿದಾದ ನಾಳಕ್ಕೆ ತುಂಬುವುದು ಗಟಾಪರ್ಚಾ. ಇದು ಮಲಯ ಸೀಮೆಯ ಮರವೊಂದರ ಹಾಲಿನಿಂದ ಬಂದದ್ದು, ನಮ್ಮ ಗುಡ್ಡದ ರಬ್ಬರಿಗೆ ದಾಯಾದಿ.

ತುಟಿಯ ಜೋಮು ಇಳಿಯುವ ತನಕ ಊಟ, ಎಲೆ ಅಡಿಕೆ ಬೇಡ, ಕೆನ್ನೆಯನ್ನೇ ಕಚ್ಚಿಕೊಳ್ಳುವಿರಿ. ಎರಡು ಮೂರು ದಿನ ಅಗಿಯುವಾಗ ನೋಯುವುದು ಸಹಜ.

ಕೊನೆಯದು ಕ್ಯಾಪ್, ಅಂದರೆ ಹಲ್ಲಿನ ಮೇಲೆ ಕೂರಿಸುವ ಗಟ್ಟಿ ಹೊದಿಕೆ. ದವಡೆ ಹಲ್ಲಿಗೆ ಇದು ಬಹುತೇಕ ಬೇಕೇ ಬೇಕು, ಏಕೆಂದರೆ ಹುಳುಕು ಮತ್ತು ಕೊರೆತದಿಂದ ಹಲ್ಲು ಟೊಳ್ಳಾಗಿರುತ್ತದೆ. ಅಡಿಕೆ ಕೊಯ್ಲು ಮುಗಿಯಲಿ ಎಂದು ಮುಂದೂಡಿದ ನಾನು ಒಂದು ಸಂಜೆ ಚಕ್ಕುಲಿಯ ಜೊತೆ ಹಲ್ಲನ್ನೂ ಎರಡು ಹೋಳು ಮಾಡಿಕೊಂಡೆ. ಸೀಳು ಬೇರಿನವರೆಗೆ ಇಳಿದಿತ್ತು. ಅಷ್ಟು ಖರ್ಚು ಮಾಡಿ ಉಳಿಸಿದ್ದ ಹಲ್ಲನ್ನು ಕೀಳಿಸಬೇಕಾಯಿತು.