ಕುಕ್ಕರಹಳ್ಳಿ ಕೆರೆಗೆ ನಿಧಾನದ ಪ್ರದಕ್ಷಿಣೆ

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಒಂದು ಸುತ್ತು ಸುಮಾರು 5 ಕಿಲೋಮೀಟರ್. ವ್ಯಾಯಾಮಕ್ಕೆಂದು ಬಿರುಸಾಗಿ ನಡೆಯುವವರು ಅದನ್ನು ಒಂದು ಗಂಟೆಯೊಳಗೆ ಮುಗಿಸುತ್ತಾರೆ. ಗೆಳೆಯರ ಜೊತೆ ಹೋಗುವಾಗ ನಾನು ಇಟ್ಟುಕೊಳ್ಳುವ ಲೆಕ್ಕ ಎರಡೂಕಾಲು ಗಂಟೆ. ಅದರಲ್ಲಿ ನಡಿಗೆ ಒಂದೂವರೆ ಗಂಟೆ, ಉಳಿದ ಮುಕ್ಕಾಲು ಗಂಟೆ ನಿಲ್ಲುವುದಕ್ಕೆ. ನಿಲ್ಲುವ ಹೊತ್ತನ್ನು ಮೊದಲೇ ತೆಗೆದಿಡದಿದ್ದರೆ ಹಕ್ಕಿ ಕಂಡಾಗಲೂ ಯಾರಾದರೊಬ್ಬರು ಗಡಿಯಾರ ನೋಡುತ್ತಾರೆ, ಅಲ್ಲಿಗೆ ಗುಂಪು ಎರಡು ಹೋಳಾಗುತ್ತದೆ. ಎಷ್ಟು ದೂರ ಹೋಗಬೇಕು ಅನ್ನುವುದಕ್ಕಿಂತ ಎಲ್ಲೆಲ್ಲಿ ನಿಲ್ಲಬೇಕು ಅನ್ನುವುದನ್ನು ಮೊದಲು ಗೊತ್ತುಮಾಡಿಕೊಳ್ಳಿ.

ಐದು ಜನ ಹದವಾದ ಗುಂಪು. ಎಂಟು ದಾಟಿದರೆ ಮಾತು ತಾನಾಗಿಯೇ ಜೋರಾಗುತ್ತದೆ, ದಾರಿಯೂ ಸಾಲುವುದಿಲ್ಲ. ಬೆಳಿಗ್ಗೆ ಓಡುವವರು, ವೇಗವಾಗಿ ನಡೆಯುವವರು ತುಂಬಾ ಜನ ಬರುತ್ತಾರೆ. ಇಬ್ಬಿಬ್ಬರಾಗಿ, ಎಡಕ್ಕೆ ಸರಿದು ನಡೆದರೆ ಅವರಿಗೆ ತೊಂದರೆಯಾಗದು. ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡುತ್ತೇವೆ. ಅವರು ಹಿಂದೆ ಉಳಿದರೆ ಉಳಿದವರು ನಿಂತು ಕಾಯುತ್ತಾರೆ, ಅವರು ಬಂದು ತಲುಪುತ್ತಿದ್ದಂತೆ ಹೊರಟುಬಿಡುತ್ತಾರೆ. ಹೀಗಾದರೆ ಹೆಚ್ಚು ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿ ಸಿಗುವುದಿಲ್ಲ. ಮಂಡಿನೋವು ಇರುವವರು ಬರುವುದಾದರೆ ಇದೊಂದನ್ನು ತಪ್ಪದೆ ಪಾಲಿಸಿ.

ಇನ್ನು ದಿಕ್ಕಿನ ವಿಚಾರ. ಕೆರೆ ಸುತ್ತುವವರಲ್ಲಿ ಹೆಚ್ಚಿನವರು ಇದನ್ನು ಯೋಚಿಸುವುದೇ ಇಲ್ಲ. ಬೆಳಿಗ್ಗೆ ಹುಣಸೂರು ರಸ್ತೆ ಕಡೆಯಿಂದ ಒಳಗೆ ಹೋದರೆ ನಾವು ಪ್ರದಕ್ಷಿಣೆ ಬರುತ್ತೇವೆ, ಅಂದರೆ ನೀರು ಸದಾ ನಮ್ಮ ಬಲಗಡೆಗೆ ಇರುತ್ತದೆ. ಹೀಗೆ ಹೊರಟರೆ ಮೊದಲು ಸಿಗುವುದು ಪೂರ್ವದ ದಂಡೆ. ಅಲ್ಲಿ ನಿಂತು ನೀರಿನ ಕಡೆ ನೋಡಿದರೆ ಸೂರ್ಯ ಬೆನ್ನಿಗಿರುತ್ತಾನೆ, ಎದುರಿನ ಹಕ್ಕಿಗಳ ಮೇಲೆ ನೇರ ಬೆಳಕು ಬೀಳುತ್ತದೆ. ಬಣ್ಣದ ಕೊಕ್ಕರೆಯ ಬೆನ್ನ ಹಿಂದಿನ ಗುಲಾಬಿ ಗರಿಗಳು ಆ ಬೆಳಕಿನಲ್ಲಿ ಬರಿಗಣ್ಣಿಗೂ ಕಾಣುತ್ತವೆ. ಅದೇ ಹೊತ್ತಿಗೆ ಮಾನಸಗಂಗೋತ್ರಿ ಕಡೆಯ ಪಶ್ಚಿಮ ದಂಡೆಯಲ್ಲಿ ನಿಂತರೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ನೀರು ಥಳಥಳಿಸುತ್ತದೆ, ಎಲ್ಲ ಹಕ್ಕಿಗಳೂ ಕಪ್ಪು ನೆರಳಿನಂತೆ ಕಾಣುತ್ತವೆ. ಸುತ್ತು ಬಂದು ಆ ಕಡೆ ತಲುಪಿದ ಮೇಲೆ ನಾವು ನೀರಿಗೆ ಬೆನ್ನು ಹಾಕಿ ಮರಗಳನ್ನು ನೋಡುತ್ತೇವೆ. ಆಗ ಬೆಳಕು ಮತ್ತೆ ನಮ್ಮ ಹಿಂದಿನಿಂದ ಬರುತ್ತದೆ. ಚಳಿಗಾಲದಲ್ಲಿ ಹೊನ್ನಕ್ಕಿ, ವರ್ಷವಿಡೀ ಕುಟ್ರು ಹಕ್ಕಿ, ಸೂರಕ್ಕಿ ಅಲ್ಲೇ ಸಿಗುತ್ತವೆ. ಸಂಜೆ ಹೋಗುವುದಾದರೆ ಇದೆಲ್ಲ ತಿರುಗುಮುರುಗು: ಪಶ್ಚಿಮದ ದಂಡೆ ನೀರಿನ ಹಕ್ಕಿಗೆ, ಪೂರ್ವದ್ದು ಮರದ ಹಕ್ಕಿಗೆ.

ಹೊರಡುವ ಸಮಯವನ್ನು ತಿಂಗಳು ನೋಡಿ ನಿರ್ಧರಿಸುತ್ತೇವೆ. ಮೈಸೂರಿನಲ್ಲಿ ಜನವರಿ ನಡುವಿಗೆ ಸೂರ್ಯ ಹುಟ್ಟುವುದು 6.45ರ ಸುಮಾರಿಗೆ, ಮೇ ಕೊನೆಗೆ 6ಕ್ಕೂ ಸ್ವಲ್ಪ ಮೊದಲು. ಸೂರ್ಯೋದಯವಾಗಿ ಹತ್ತು ನಿಮಿಷಕ್ಕೆ ಪೂರ್ವದ ದಂಡೆಯಲ್ಲಿರುವಂತೆ ನೋಡಿಕೊಂಡರೆ ಸಾಕು. ನಡು ಮಧ್ಯಾಹ್ನ ಬೇಡವೇ ಬೇಡ. ನವೆಂಬರ್‌ನಿಂದ ಫೆಬ್ರವರಿವರೆಗೆ ವಲಸೆ ಹಕ್ಕಿಗಳೂ ಸೇರುವುದರಿಂದ ಈ ನಾಲ್ಕು ತಿಂಗಳು ನಮಗೆ ಎಲ್ಲಕ್ಕಿಂತ ಇಷ್ಟ.

ಕೈಯಲ್ಲಿ ಹೆಚ್ಚೇನೂ ಬೇಡ. ತಲೆಗೆ ಅರ್ಧ ಲೀಟರ್ ನೀರು, ಮಾರ್ಚ್‌ನಿಂದ ಮೇವರೆಗೆ ಮುಕ್ಕಾಲು ಲೀಟರ್, ಅದೂ ಮನೆಯಿಂದ ತುಂಬಿಸಿಕೊಂಡ ಸ್ಟೀಲ್ ಬಾಟಲಿಯಲ್ಲಿ. ಐವರಿಗೆ ಕಾಲು ಕಿಲೋ ಹುರಿಗಡಲೆ, ಐದಾರು ಉಂಡೆ ಬೆಲ್ಲ. ಸಕ್ಕರೆ ಕಾಯಿಲೆ ಇರುವವರು ಬರಿಹೊಟ್ಟೆಯಲ್ಲಿ ಬರಬಾರದು, ಮನೆಯಲ್ಲೇ ಏನಾದರೂ ತಿಂದು ಬರಲಿ. ಬಾಳೆಹಣ್ಣು ತಂದರೆ ಸಿಪ್ಪೆ ಹಾಕಿಕೊಳ್ಳಲು ಒಂದು ಬಟ್ಟೆ ಚೀಲವೂ ಬರಬೇಕು. ‘ಹೇಗೂ ಕೊಳೆಯುತ್ತದೆ’ ಎಂದು ಪೊದೆಗೆ ಎಸೆದರೆ ಕೊಳೆಯುವ ಮೊದಲೇ ಅದನ್ನು ಹುಡುಕಿಕೊಂಡು ಬೀದಿನಾಯಿ, ಹೆಗ್ಗಣ ಬರುತ್ತವೆ. ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳಿಗೆ ಅದು ಅಪಾಯ. ಮೀನಿಗೆ ಬ್ರೆಡ್, ಮಂಡಕ್ಕಿ ಹಾಕುವುದೂ ಬೇಡ. ತಿನ್ನದೆ ಉಳಿದದ್ದು ನೀರಿನಲ್ಲಿ ಕೊಳೆಯುವಾಗ ಕರಗಿದ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ನಿಂತ ನೀರಿನಲ್ಲಿ ಆಮ್ಲಜನಕ ಎಲ್ಲಕ್ಕಿಂತ ಕಡಿಮೆಯಿರುವುದು ಸೂರ್ಯ ಹುಟ್ಟುವ ಹೊತ್ತಿಗೆ, ಯಾಕೆಂದರೆ ರಾತ್ರಿಯೆಲ್ಲ ಪಾಚಿಯೂ ಮೀನೂ ಅದನ್ನು ಬಳಸಿರುತ್ತವೆ, ಹೊಸದಾಗಿ ಉಂಟುಮಾಡಲು ಬಿಸಿಲು ಇರುವುದಿಲ್ಲ. ಬೆಳಿಗ್ಗೆ ಮೀನುಗಳು ಗುಂಪಾಗಿ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಅದು ಆಟವಲ್ಲ, ಉಸಿರು ಸಾಲದೆ ಒದ್ದಾಡುತ್ತಿವೆ. ಕಂಡ ತಕ್ಷಣ ಗೇಟಿನ ಕಾವಲಿನವರಿಗೆ ತಿಳಿಸಿ. ಕೆರೆ ಮೈಸೂರು ವಿಶ್ವವಿದ್ಯಾನಿಲಯದ ಸುಪರ್ದಿನಲ್ಲಿದೆ, ಸುದ್ದಿ ಅಲ್ಲಿಗೆ ಬೇಗ ಮುಟ್ಟುವುದು ಮುಖ್ಯ.

ಕಾಲಿಗೆ ಹಳೆಯ, ಹದವಾದ ಶೂ ಒಳ್ಳೆಯದು. ಹೊಸ ಶೂ ಮೂರನೇ ಕಿಲೋಮೀಟರಿಗೆ ಹಿಮ್ಮಡಿ ಉಜ್ಜುತ್ತದೆ. ಮಳೆ ಬಂದ ಮರುದಿನ ಮಣ್ಣಿನ ದಾರಿ ಜಾರುತ್ತದೆ, ಅಡಿ ಸವೆದ ಚಪ್ಪಲಿ ಅಂದು ಬೇಡ. ಸಂಜೆಗೆ ತುಂಬುತೋಳಿನ ಅಂಗಿ, ಕಾಲುಚೀಲ ಬೇಕೇ ಬೇಕು, ಸೂರ್ಯ ಇಳಿಯುತ್ತಿದ್ದಂತೆ ಸೊಳ್ಳೆ ಮುತ್ತುತ್ತವೆ. ಫೋಟೊಗೆಂದು ದಾರಿ ಬಿಟ್ಟು ಜೊಂಡಿನೊಳಗೆ ಇಳಿಯಬೇಡಿ. ಹಾವಿರುತ್ತದೆ, ಜಂಬುಕೋಳಿಯ ಗೂಡೂ ಅಲ್ಲೇ ಇರುತ್ತದೆ.

ಬೈನಾಕ್ಯುಲರ್ ಮೂವರಿಗೆ ಒಂದಿದ್ದರೆ ಸಾಕು. 8 ಇಂಟು 42 ಕೊಳ್ಳಿ: ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. ಹತ್ತು ಪಟ್ಟಿನದರಲ್ಲಿ ಕೈ ನಡುಗಿದ್ದೂ ಹತ್ತು ಪಟ್ಟಾಗಿಯೇ ಕಾಣುತ್ತದೆ. ಹೊಸಬರು ‘ಏನೂ ಕಾಣ್ತಿಲ್ಲ’ ಎಂದು ವಾಪಸು ಕೊಡುವುದು ಸಾಮಾನ್ಯವಾಗಿ ಹೊಂದಿಸಿಕೊಳ್ಳದ ಕಾರಣಕ್ಕೆ. ಮೊದಲು ಎರಡು ಕೊಳವೆಗಳನ್ನು ಮಡಿಸುತ್ತಾ ಬಿಡಿಸುತ್ತಾ ಎರಡು ವೃತ್ತ ಸೇರಿ ಒಂದೇ ವೃತ್ತವಾಗುವಂತೆ ಮಾಡಿ. ಆಮೇಲೆ ಬಲಗಣ್ಣು ಮುಚ್ಚಿ, ದೂರದ ಒಂದು ಒಣಕೊಂಬೆಯನ್ನು ಎಡಗಣ್ಣಿನಲ್ಲಿ ನೋಡುತ್ತಾ ನಡುವಿನ ಚಕ್ರ ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಬಳಿಯ ಉಂಗುರವನ್ನಷ್ಟೇ ತಿರುಗಿಸಿ ಅದೇ ಕೊಂಬೆಯನ್ನು ಸ್ಪಷ್ಟ ಮಾಡಿ. ಆ ಉಂಗುರದ ಗುರುತು ಎಲ್ಲಿ ನಿಂತಿತೆಂದು ನೆನಪಿಟ್ಟುಕೊಂಡರೆ ಕೈ ಬದಲಾದಾಗ ಮತ್ತೆ ಮೊದಲಿನಿಂದ ಶುರುಮಾಡಬೇಕಿಲ್ಲ. ಕನ್ನಡಕದವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಒಳಗೆ ತಿರುಗಿಸಿಕೊಳ್ಳಬೇಕು, ಇಲ್ಲದಿದ್ದರೆ ಅರ್ಧ ನೋಟ ಕಪ್ಪಾಗಿಯೇ ಇರುತ್ತದೆ. ಗಾಜಿನ ಮೇಲೆ ಧೂಳು ಕೂತರೆ ಊದಿ ತೆಗೆಯಿರಿ. ಅಂಗಿಯ ಚುಂಗಿನಿಂದ ಒರೆಸಿದರೆ ಧೂಳಿನ ಹರಳೇ ಗಾಜನ್ನು ಗೀರುತ್ತದೆ.

ನಾಲ್ಕು ಕಡೆ ಹತ್ತು ಹತ್ತು ನಿಮಿಷ ನಿಲ್ಲುತ್ತೇವೆ, ಅಲ್ಲಿಗೆ ನಲವತ್ತು ನಿಮಿಷವಾಯಿತು. ಉಳಿದ ಐದು ನಿಮಿಷ ನೀರು ಕುಡಿಯಲು, ಲೇಸು ಕಟ್ಟಲು. ಮಾತೆಲ್ಲ ನಡೆಯುವಾಗ, ನಿಂತಾಗ ಪಿಸುದನಿ. ನಿಂತ ಮೊದಲ ಎರಡು ನಿಮಿಷ ಏನೂ ಕಾಣದಿದ್ದರೂ ಕದಲಬಾರದು. ನೀರಿನ ಮೇಲೆ ಏನೂ ಇಲ್ಲ ಅನ್ನಿಸುವಾಗಲೇ ಗುಳುಮುಳುಕ ಮುಳುಗಿದ ಕಡೆಯಿಂದ ದೂರದಲ್ಲಿ ಮೇಲೇಳುತ್ತದೆ. ಹಾವಕ್ಕಿಯಂತೂ ಮೈಯೆಲ್ಲ ನೀರೊಳಗಿಟ್ಟು ಕತ್ತನ್ನಷ್ಟೇ ಹೊರಗೆ ಚಾಚಿ ಈಜುತ್ತದೆ, ಹೆಸರು ಬಂದದ್ದೇ ಅದರಿಂದ. ನೀರುಕಾಗೆ ಕೊಂಬೆಯ ಮೇಲೆ ರೆಕ್ಕೆ ಹರವಿ ಕೂತಿದ್ದರೆ ಒಂದೇ ಹಕ್ಕಿಯನ್ನು ಐದು ನಿಮಿಷ ನೋಡಿ. ಅದರ ಗರಿ ಬಾತಿನ ಗರಿಯಂತೆ ನೀರನ್ನು ಪೂರ್ತಿ ತಡೆಯುವುದಿಲ್ಲ, ನೆನೆಯುತ್ತದೆ. ಮುಳುಗಿ ಮೀನು ಹಿಡಿಯಲು ಅದೇ ಅನುಕೂಲ, ಆಮೇಲೆ ಒಣಗಿಸಿಕೊಳ್ಳುವುದು ಅದರ ಬೆಲೆ. ಬಣ್ಣದ ಕೊಕ್ಕರೆ ತಗ್ಗು ನೀರಿನಲ್ಲಿ ಕೊಕ್ಕನ್ನು ಅರ್ಧ ತೆರೆದು ಮುಳುಗಿಸಿ ಆಚೀಚೆ ಆಡಿಸುತ್ತದೆ, ಮೀನು ತಾಗಿದ ಕೂಡಲೇ ಕಚ್ಚುತ್ತದೆ. ಅದು ಕಣ್ಣಿಗಿಂತ ಸ್ಪರ್ಶವನ್ನು ನಂಬಿ ಬೇಟೆಯಾಡುವ ಹಕ್ಕಿ, ಆದ್ದರಿಂದ ಕದಡಿದ ನೀರಿನಲ್ಲೂ ಅದಕ್ಕೆ ಊಟ ಸಿಗುತ್ತದೆ. ಹೆಜ್ಜಾರ್ಲೆಗಳು ನಡುಗಡ್ಡೆಯ ಮರಗಳಲ್ಲಿ ಕೂತಿರುವುದನ್ನು ನೋಡಲು ಮಾತ್ರ ಬೈನಾಕ್ಯುಲರ್ ಬೇಕೇ ಬೇಕು.

ಈ ಕೆರೆ 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಊರಾಚೆಯ ಜಮೀನಿನ ನೀರಾವರಿಗೆಂದು ಆದದ್ದು. ಈಗ ಸುತ್ತಲೂ ಊರು ಬೆಳೆದಿದೆ, ಆದ್ದರಿಂದ ಒಳಗೆ ಬರುವ ನೀರಿನ ಜೊತೆ ಏನು ಬರುತ್ತದೆ ಅನ್ನುವುದೂ ನಮ್ಮ ಕಾಳಜಿಯೇ. ಮಳೆಯಿಲ್ಲದ ದಿನಗಳಲ್ಲೂ ಯಾವುದಾದರೂ ಕಾಲುವೆಯ ಬಾಯಿಂದ ನೀರು ಹರಿಯುತ್ತಿದ್ದರೆ, ಅದು ಬೂದು ಬಣ್ಣದ್ದಾಗಿದ್ದು ನೊರೆ ಕಟ್ಟಿದ್ದರೆ, ಅದು ಮನೆಗಳ ಕೊಳಚೆ. ಅದರೊಳಗಿನ ಸಾರಜನಕ, ರಂಜಕವೇ ಪಾಚಿಗೂ ಗಂಗೆತಾವರೆಗೂ ಗೊಬ್ಬರ. ಅಂಥದ್ದು ಕಂಡಾಗ ದಿನಾಂಕ, ಜಾಗ ತಿಳಿಯುವಂತೆ ಫೋಟೊ ತೆಗೆದು ದೂರಿನ ಜೊತೆ ಕೊಡುತ್ತೇವೆ. ಬರೀ ‘ಕೆರೆ ನಾರುತ್ತಿದೆ’ ಎಂದರೆ ಯಾರೂ ಎಲ್ಲಿಗೂ ಹೋಗಿ ನೋಡಲಾರರು.

ಕೊನೆಯ ಕೆಲಸ ಹಕ್ಕಿಗಳ ಪಟ್ಟಿ. ಗುಂಪಿನಲ್ಲಿ ಒಬ್ಬರೇ ಬರೆಯುತ್ತಾರೆ, ಉಳಿದವರು ಎಣಿಸಿ ಹೇಳುತ್ತಾರೆ. ಕಂಡ ಹಕ್ಕಿಗಳ ಲೆಕ್ಕ ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಶುರುವಾದ ಸಮಯ, ನಡೆದ ದೂರ, ಎಷ್ಟು ಜನ ನೋಡಿದರು, ಒಂದೊಂದು ಜಾತಿ ಎಷ್ಟು ಕಂಡವು ಎಲ್ಲವನ್ನೂ ತುಂಬಬೇಕು. ‘ತುಂಬಾ ಇದ್ದವು’ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ಗುಂಪಿದ್ದರೆ ಹತ್ತು ಹಕ್ಕಿ ಎಣಿಸಿ, ಅಷ್ಟು ಅಗಲದ ತುಂಡು ಎಷ್ಟಿದೆ ನೋಡಿ ಗುಣಿಸಿ. ಗುರುತು ಹತ್ತದ ಹಕ್ಕಿಗೆ ಅಂದಾಜಿನ ಹೆಸರು ಹಾಕದೆ ಬಿಟ್ಟುಬಿಡಿ. ಗೇಟು ದಾಟಿ ಇಡ್ಲಿ ತಿನ್ನಲು ಕೂರುವ ಮೊದಲೇ, ಸಂಖ್ಯೆಗಳು ಎಲ್ಲರ ತಲೆಯಲ್ಲಿ ಹಸಿಯಾಗಿರುವಾಗಲೇ ಪಟ್ಟಿ ಮುಗಿಸಿ ಕಳಿಸಿಬಿಡುತ್ತೇವೆ.