ಇಪೋ: ಬೆಳಗಿನ ಬಿಳಿ ಕಾಫಿ, ಮಧ್ಯಾಹ್ನದೊಳಗೆ ಗವಿಗುಡಿ

ಕ್ವಾಲಾಲಂಪುರಕ್ಕೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಬಾತು ಗುಹೆಯ ಮೆಟ್ಟಿಲು ಹತ್ತಿ, ಅವಳಿ ಗೋಪುರದ ಮುಂದೆ ಫೋಟೊ ತೆಗೆಸಿಕೊಂಡು ಮರಳುತ್ತಾರೆ. ಅಲ್ಲಿಂದ ಉತ್ತರಕ್ಕೆ ಸುಮಾರು 200 ಕಿ.ಮೀ. ಸಾಗಿದರೆ ಪೆರಾಕ್ ರಾಜ್ಯದ ರಾಜಧಾನಿ ಇಪೋ ಸಿಗುತ್ತದೆ. ಸುತ್ತ ಸುಣ್ಣಕಲ್ಲಿನ ಕಡಿದಾದ ಗುಡ್ಡಗಳು, ಆ ಗುಡ್ಡಗಳ ಹೊಟ್ಟೆಯೊಳಗೆ ಚೀನೀಯರ ಗುಡಿಗಳು, ಊರೊಳಗೆ ತವರದ ಗಣಿಗಾರಿಕೆಯ ಕಾಲದಲ್ಲಿ ಬಂದು ನೆಲೆಸಿದವರ ಅಡುಗೆ. ಎರಡು ದಿನ ಇದ್ದರೆ ಸಾಕು. ಆದರೆ ಇಲ್ಲಿ ಕಾಫಿಗೂ ಗವಿಗೂ ಊಟಕ್ಕೂ ಅದರದರದೇ ಹೊತ್ತುಂಟು. ಮೊದಲ ಸಲ ಹೋದಾಗ ನಾನು ಹೋಟೆಲಿನಲ್ಲಿ ನಿಧಾನವಾಗಿ ತಿಂಡಿ ಮುಗಿಸಿ, ಸಂಜೆ ತಂಪಾದ ಮೇಲೆ ಗುಡಿಗಳನ್ನು ನೋಡೋಣವೆಂದು ಹೊರಟು, ಬೀಗ ಹಾಕಿದ ಗೇಟಿನ ಮುಂದೆ ನಿಂತು ಬಂದೆ. ಆದ್ದರಿಂದ ಈ ಕ್ರಮವನ್ನು ಹೇಳುತ್ತಿದ್ದೇನೆ.

ಮೊದಲ ಕೆಲಸ ರೈಲಿನ ಟಿಕೆಟ್ಟು. ಕೆಎಲ್ ಸೆಂಟ್ರಲ್ ನಿಲ್ದಾಣದಿಂದ ಇಟಿಎಸ್ ಎಂಬ ವಿದ್ಯುತ್ ರೈಲು ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಇಪೋ ತಲುಪಿಸುತ್ತದೆ. ವಾರಾಂತ್ಯದಲ್ಲೂ ಅಲ್ಲಿನ ಶಾಲಾ ರಜೆಯಲ್ಲೂ ಸೀಟು ಬೇಗ ತುಂಬುವುದರಿಂದ ಮುಂಚಿತವಾಗಿ ಕಾಯ್ದಿರಿಸಿಕೊಳ್ಳಬೇಕು. ಇಳಿದ ಕೂಡಲೇ ಹೊರಗೆ ಓಡದೆ ನಿಲ್ದಾಣದ ಕಟ್ಟಡವನ್ನು ತಿರುಗಿ ನೋಡಿ. ಆರ್ಥರ್ ಬೆನಿಸನ್ ಹಬಕ್ ವಿನ್ಯಾಸ ಮಾಡಿದ, 1917ರಲ್ಲಿ ಪೂರ್ಣಗೊಂಡ ಈ ಗುಮ್ಮಟದ ಕಟ್ಟಡವನ್ನು ಊರಿನವರು ಇಪೋದ ತಾಜ್ ಮಹಲ್ ಎನ್ನುತ್ತಾರೆ. ಅದರ ಎದುರಿಗೇ ಊರಿಗೆ ಹೆಸರು ಕೊಟ್ಟ ಇಪೋ ಮರವಿದೆ. ಇದರ ವಿಷದ ಹಾಲನ್ನು ಅಲ್ಲಿನ ಮೂಲನಿವಾಸಿಗಳು ಊದುಕೊಳವೆಯ ಬಾಣಕ್ಕೆ ಸವರುತ್ತಿದ್ದರು. ನಮ್ಮ ಪಶ್ಚಿಮ ಘಟ್ಟದಲ್ಲಿ ಅಜ್ಜನಪಟ್ಟೆ ಎಂದು ಕರೆಯುವುದು ಇದೇ ಮರವನ್ನೇ.

ಕಿಂಟಾ ಹೊಳೆ ಊರನ್ನು ಹಳೆಪಟ್ಟಣ, ಹೊಸಪಟ್ಟಣ ಎಂದು ಎರಡು ಮಾಡಿದೆ. ಬೆಳಗಿನ ಹೊತ್ತು ಹಳೆಪಟ್ಟಣದ್ದು. ಎಂಟು ಗಂಟೆಗೆಲ್ಲ ಜಲಾನ್ ಬಂದಾರ್ ತಿಮಾ ಎಂಬ ಬೀದಿಯ ಕೋಪಿತಿಯಾಮ್, ಅಂದರೆ ಕಾಫಿ ಅಂಗಡಿಯೊಂದರಲ್ಲಿ ಕುಳಿತಿರಬೇಕು. ಇಂಥ ಹಳೆಯ ಅಂಗಡಿಗಳು ಮಧ್ಯಾಹ್ನದ ಹೊತ್ತಿಗೆ ಬಾಗಿಲೆಳೆಯುವುದೇ ಹೆಚ್ಚು. ಇಲ್ಲಿನ ಬಿಳಿ ಕಾಫಿಯ ಬಿಳಿತನ ಇರುವುದು ಹುರಿಯುವ ರೀತಿಯಲ್ಲಿ. ಮಲೇಷ್ಯಾದ ಸಾಮಾನ್ಯ ಕರಿ ಕಾಫಿಯ ಬೀಜವನ್ನು ಸಕ್ಕರೆ ಹಾಕಿ ಕಪ್ಪಾಗುವವರೆಗೆ ಹುರಿದರೆ, ಇದನ್ನು ಬರಿಯ ಮಾರ್ಗರಿನ್‌ನಲ್ಲಿ ಹುರಿಯುವುದರಿಂದ ಕಹಿ ಕಡಿಮೆ, ಬಣ್ಣವೂ ತಿಳಿ. ಕಾಫಿ ಮಾಡುವವನು ಉದ್ದ ಕೊಕ್ಕಿನ ಪಾತ್ರೆಯಲ್ಲಿ ಬಟ್ಟೆಯ ಚೀಲ ಇಳಿಬಿಟ್ಟು, ಡಿಕಾಕ್ಷನ್ನನ್ನು ಎತ್ತರದಿಂದ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದು, ತಳದಲ್ಲಿ ಮಂದಗೊಳಿಸಿದ ಹಾಲು ಹಾಕಿಟ್ಟ ದಪ್ಪ ಪಿಂಗಾಣಿ ಕಪ್ಪಿಗೆ ನೊರೆಯೇಳುವಂತೆ ಬಗ್ಗಿಸುತ್ತಾನೆ. ಚಿಕೋರಿಗೆ ಒಗ್ಗಿದ ನಾಲಿಗೆಗೆ ಮೊದಲ ಗುಟುಕು ತೀರಾ ಸಿಹಿ ಎನಿಸುವುದು ಖಂಡಿತ. 'ಕುರಾಂಗ್ ಮಾನಿಸ್' ಎಂದರೆ ಸಿಹಿ ಕಡಿಮೆ ಮಾಡಿ ಕೊಡುತ್ತಾರೆ. ಜೊತೆಗೆ ಬರುವ ಟೋಸ್ಟಿಗೆ ಹಚ್ಚಿದ ಕಾಯಾ ಎಂಬುದು ತೆಂಗಿನಹಾಲಿನ ಜಾಮು ಹೌದು, ಆದರೆ ಅದರಲ್ಲಿ ಮೊಟ್ಟೆ ಇರುತ್ತದೆ. ಮೊಟ್ಟೆ ತಿನ್ನದವರು ಬೆಣ್ಣೆಯ ಟೋಸ್ಟನ್ನಷ್ಟೇ ಕೇಳುವುದು ಕ್ಷೇಮ.

ಹತ್ತಿರದ ಕನ್‌ಕ್ಯುಬೈನ್ ಲೇನ್ ಈಗ ಸ್ಮರಣಿಕೆಗಳ ಅಂಗಡಿಸಾಲು. ಕಾಲು ಗಂಟೆಗಿಂತ ಹೆಚ್ಚು ಅಲ್ಲಿ ಕಳೆಯಬೇಕಿಲ್ಲ.

ಒಂಬತ್ತೂವರೆಗೆ ಗ್ರ್ಯಾಬ್ ಆ್ಯಪ್‌ನಲ್ಲಿ ಕಾರು ಕರೆದು, ಊರಿಗೆ ಉತ್ತರದಲ್ಲಿ ಸುಮಾರು ಆರು ಕಿ.ಮೀ. ದೂರದ ಪೆರಾಕ್ ತೋಂಗ್‌ಗೆ ಹೋಗಿ. ಚೀನಾದಿಂದ ಬಂದ ದಂಪತಿ 1926ರಲ್ಲಿ ಸ್ಥಾಪಿಸಿದ ಗುಡಿಯಿದು. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟಾಗ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ಊದುಬತ್ತಿಯ ವಾಸನೆ ಬರುತ್ತದೆ, ಎಲ್ಲೋ ನೀರು ತೊಟ್ಟಿಕ್ಕುವ ಸದ್ದು ಕೇಳಿಸುತ್ತದೆ, ಆಮೇಲೆ ಕತ್ತಲಿನೊಳಗಿಂದ ಸುಮಾರು 40 ಅಡಿ ಎತ್ತರದ ಕುಳಿತ ಬುದ್ಧ ನಿಧಾನವಾಗಿ ಮೂಡಿಬರುತ್ತಾನೆ. ಗವಿಯ ಗೋಡೆಗಳ ಮೇಲೆಲ್ಲ ಚಿತ್ರಗಳೂ ಕೈಬರಹವೂ ಇವೆ. ವಿಗ್ರಹದ ಹಿಂದಿನಿಂದ ಹೊರಟ ಮೆಟ್ಟಿಲುಗಳು ಗವಿಯ ಇನ್ನೊಂದು ಬಾಯಿಯಿಂದ ಹೊರಬಿದ್ದು ಗುಡ್ಡದ ನೆತ್ತಿಯತ್ತ ಏರುತ್ತವೆ. ಅವು ನೂರಾರು ಇವೆ, ಕೆಲವು ಕಡೆ ಪಾಚಿಗಟ್ಟಿವೆ. ಮಂಡಿನೋವಿನವರು ಕೆಳಗೇ ಉಳಿಯಲಿ. ಹತ್ತಬಲ್ಲವರು ಬಿಸಿಲೇರುವ ಮೊದಲೇ ಹತ್ತಬೇಕೆಂಬುದರಿಂದಲೇ ಈ ಗುಡಿಯನ್ನು ಪಟ್ಟಿಯಲ್ಲಿ ಮೊದಲಿಗಿಟ್ಟಿದ್ದೇನೆ.

ಅಲ್ಲಿಂದ ಊರು ದಾಟಿ ದಕ್ಷಿಣಕ್ಕೆ, ಗುನುಂಗ್ ರಾಪಟ್ ಗುಡ್ಡದ ಕಡೆಗೆ. ಇಲ್ಲಿನ ಸಾಮ್ ಪೋ ತೋಂಗ್‌ನಲ್ಲಿ ಗವಿಯ ಹಿಂಬದಿ ತೆರೆದುಕೊಂಡು, ಸುತ್ತ ಬಂಡೆಗೋಡೆಯಿರುವ ಅಂಗಳದ ಕೊಳದಲ್ಲಿ ಆಮೆಗಳಿವೆ. ಗುಡ್ಡದ ಇನ್ನೊಂದು ಮಗ್ಗುಲಿಗಿರುವ ಕೆಕ್ ಲೋಕ್ ತೋಂಗ್ ಒಂದು ಕಾಲಕ್ಕೆ ಕಬ್ಬಿಣದ ಅದಿರಿನ ಗಣಿಯಾಗಿತ್ತು. ಒಂದೇ ಗವಿ ನೋಡಲು ಸಮಯವಿದೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ: ಚಾವಣಿ ಎತ್ತರ, ಗಾಳಿ ತಂಪು, ವಿಗ್ರಹಗಳಿಗಿಂತ ಇಳಿಬಿದ್ದ ಸುಣ್ಣಕಲ್ಲೇ ಇಲ್ಲಿ ಪ್ರಧಾನ. ಆಚೆಬದಿಗೆ ಹೊರಬಂದರೆ ಕೊಳ, ತೋಟ, ಸುತ್ತ ನಿಂತ ಗುಡ್ಡಗಳು.

ಊರಿನಲ್ಲಿ ಸುಬ್ರಹ್ಮಣ್ಯನ ನೆಲೆಯೂ ಇದೆ. ಗುನುಂಗ್ ಚೆರೋ ಗುಡ್ಡದ ಬುಡದ ಈ ಗುಡಿಯನ್ನು ತಮಿಳರು ಕಲ್ಲುಮಲೈ ಎನ್ನುತ್ತಾರೆ, ಅನುವಾದ ಬೇಕಿಲ್ಲ. ತೈಪೂಸದ ದಿನ ಕಾವಡಿ ಹೊತ್ತವರು ಬುಂತೋಂಗ್ ಬಡಾವಣೆಯಿಂದ ಇಲ್ಲಿಗೆ ನಡೆದುಬರುತ್ತಾರೆ. 1973ರಲ್ಲಿ ಇದೇ ಗುಡ್ಡದ ಭಾಗವೊಂದು ಕುಸಿದು ಸುಮಾರು 40 ಜನ ಸತ್ತರು. ಯಾವ ಗವಿಯಲ್ಲೇ ಆಗಲಿ, ಹಗ್ಗ ಕಟ್ಟಿದ ಕಡೆ ದಾಟಿ ಹೋಗಬಾರದೆಂಬುದನ್ನು ಇದು ಸಾಕಷ್ಟು ಹೇಳುತ್ತದೆ.

ಮಧ್ಯಾಹ್ನ ಸಾಮಾನ್ಯವಾಗಿ ಮಳೆಯ ಹೊತ್ತು, ವಿಶ್ರಾಂತಿ ತೆಗೆದುಕೊಳ್ಳಿ. ಸಂಜೆ ಹೊಸಪಟ್ಟಣದ ಜಲಾನ್ ಯಾವ್ ತೆತ್ ಶಿನ್ ಬೀದಿಗೆ ಹೋದರೆ ಇಪೋದ ಹೆಸರಾಂತ ಊಟ ಸಿಗುತ್ತದೆ. ಹದವಾಗಿ ಬೇಯಿಸಿ ಸೋಯಾ ರಸ ಹಾಕಿದ ಕೋಳಿ, ಬಿಸಿನೀರಿಗೆ ಅದ್ದಿ ತೆಗೆದು ಬಿಳಿ ಮೆಣಸು ಉದುರಿಸಿದ ಮೊಳಕೆ, ಜೊತೆಗೆ ಹೋರ್ ಫನ್ ಎಂಬ ಅಕ್ಕಿಯ ಅಗಲ ಶ್ಯಾವಿಗೆ. ಬುಂತೋಂಗ್‌ನಲ್ಲಿ ಬೆಳೆಸುವ ಈ ಮೊಳಕೆ ಗಿಡ್ಡ, ದಪ್ಪ. ಹಲ್ಲಿಗೆ ಸಿಕ್ಕರೆ ಸೌತೆಕಾಯಿಯಂತೆ ಮುರಿಯುತ್ತದೆ. ಮೊಳಕೆಯ ಈ ಗುಣವೂ ಶ್ಯಾವಿಗೆಯ ನುಣುಪೂ ಸುಣ್ಣಕಲ್ಲಿನ ಗುಡ್ಡದಿಂದ ಬರುವ ನೀರಿನದೆಂದು ಊರಿನವರು ಹೇಳುತ್ತಾರೆ. ಸಸ್ಯಾಹಾರಿಗಳು ಶ್ಯಾವಿಗೆಯನ್ನಷ್ಟೇ ಕೇಳಿದರೆ ಸಾಲದು, ಏಕೆಂದರೆ ಸಾರು ಕೋಳಿಯದು. ಬೇರೆ ಕಡೆಗಳಲ್ಲಿ ಬರಿಯ ಸೊಪ್ಪಿನ ಪಲ್ಯಕ್ಕೂ ಬೆಲಚಾನ್ ಎಂಬ ಸಿಗಡಿಯ ಮುದ್ದೆ ಬೆರೆತಿರುತ್ತದೆ. ಅಂಥವರಿಗೆ ಲಿಟ್ಲ್ ಇಂಡಿಯಾದ ಬಾಳೆಎಲೆ ಊಟವೇ ನೆಮ್ಮದಿ. ಊಟದ ನಂತರ ಸೋಯಾ ಹಾಲಿನಿಂದ ಮಾಡಿದ, ಬಾಯಲ್ಲಿಟ್ಟರೆ ಕರಗುವ ತಾವ್ ಫು ಫಾ ಎಲ್ಲರೂ ತಿನ್ನಬಹುದಾದದ್ದು.

ಎರಡನೆಯ ದಿನ ತಂಬುನ್ ರಸ್ತೆಯ ಬದಿಯಲ್ಲಿ ಚಕ್ಕೋತ ತೂಗುಹಾಕಿರುವ ಅಂಗಡಿಗಳಲ್ಲಿ ಒಂದು ಹಣ್ಣು ಬಿಡಿಸಿ ತಿನ್ನಿ. ದೇವನಹಳ್ಳಿಯದನ್ನು ಬಲ್ಲವರು ಹೋಲಿಸಿ ನೋಡಬಹುದು. ರೈಲಿಗೆ ಮೊದಲು ಬುಂತೋಂಗ್‌ನ ಕಚಾಂಗ್ ಪುತೇ ಅಂಗಡಿಗಳಿಗೂ ಒಮ್ಮೆ ಹೋಗಬೇಕು. ಭಾರತದಿಂದ ಹೋದವರ ಮನೆಗಳಲ್ಲಿ ಶುರುವಾದ ಈ ಕುರುಕಲು ವ್ಯಾಪಾರದಲ್ಲಿ ಹುರಿದ ಕಡಲೆ, ಚಕ್ಕುಲಿ, ಖಾರದ ಬೇಳೆಗಳು ಡಬ್ಬಗಳಲ್ಲಿ ಸಾಲಾಗಿರುತ್ತವೆ. ರುಚಿ ನೋಡಿ ಆರಿಸಿಕೊಳ್ಳಿ, ಪೊಟ್ಟಣದ ಬಾಯನ್ನು ಸೀಲ್ ಮಾಡಿಸಿ: ಅಲ್ಲಿನ ತೇವದ ಗಾಳಿಗೆ ಚಕ್ಕುಲಿ ಕ್ವಾಲಾಲಂಪುರ ತಲುಪುವಷ್ಟರಲ್ಲೇ ಮೆತ್ತಗಾಗುತ್ತದೆ.